ಲಾರಿ ಹೊತ್ತ ರೈಲು, ಡಿಸ್ಕ್ ಹೊತ್ತ ಈಥರ್ನೆಟ್

ಕುಮಟಾ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ನಿಂತವರ ಎದುರು ಒಮ್ಮೊಮ್ಮೆ ಲಾರಿಗಳ ಸಾಲೇ ಹಳಿಯ ಮೇಲೆ ಹಾದುಹೋಗುತ್ತದೆ. ತೆರೆದ ವ್ಯಾಗನ್ನುಗಳ ಮೇಲೆ ಸರಕು ತುಂಬಿದ ಲಾರಿಗಳು, ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಕೂತ ಡ್ರೈವರು, ಕ್ಲೀನರು. ಕೊಂಕಣ ರೈಲ್ವೆ ಈ ರೋ-ರೋ ಸೇವೆಯನ್ನು 1999ರ ಜನವರಿಯಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುಮಾಡಿತು. ಮುಂದೆ ಅದು ಸುರತ್ಕಲ್ಲಿನವರೆಗೂ ಬಂತು. ಸರಕು ಇಳಿಸುವ, ಮತ್ತೆ ಏರಿಸುವ ಗೋಜಿಲ್ಲ. ಲಾರಿ ಹೇಗಿದೆಯೋ ಹಾಗೇ ಗಾಡಿ ಏರುತ್ತದೆ, ಇಳಿದ ಮೇಲೆ ತನ್ನ ಪಾಡಿಗೆ ರಸ್ತೆ ಹಿಡಿಯುತ್ತದೆ.

ಇದಾಗಿ ಹತ್ತು ವರ್ಷಕ್ಕೆ, 2009ರ ಹೊತ್ತಿಗೆ, ಕಂಪ್ಯೂಟರ್ ಎಂಜಿನಿಯರುಗಳು ಇಂಥದೇ ಒಂದು ಉಪಾಯಕ್ಕೆ ಮಾನಕ ರೂಪಿಸಿದರು. ಅದರ ಹೆಸರು ಫೈಬರ್ ಚಾನೆಲ್ ಓವರ್ ಈಥರ್ನೆಟ್, ಗಿಡ್ಡದಾಗಿ ಎಫ್‌ಸಿಒಇ. ಹೆಸರು ಕೇಳಿ ಹೆದರಬೇಕಿಲ್ಲ. ಅದು ಬಗೆಹರಿಸಲು ಹೊರಟ ತೊಡಕು ನಮ್ಮ ಪಹಣಿಯವರೆಗೂ ಬರುತ್ತದೆ.

ಕುಮಟಾ ತಾಲೂಕಿನ ಬಾಡದ ರೈತರೊಬ್ಬರಿಗೆ ಬೆಳೆಸಾಲಕ್ಕೆ ಪಹಣಿ ಬೇಕು ಎನ್ನಿ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಕಂಪ್ಯೂಟರಿನ ಮುಂದೆ ಕೂತವರು ಸರ್ವೆ ನಂಬರ್ ಹಾಕುತ್ತಾರೆ, ಕೋರಿಕೆ ಬೆಂಗಳೂರಿನ ಸರ್ವರಿಗೆ ಹೋಗುತ್ತದೆ. ನಾವು ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ದೊಡ್ಡ ಡೇಟಾ ಸೆಂಟರುಗಳಲ್ಲಿ ಲೆಕ್ಕ ಮಾಡುವ ಸರ್ವರ್ ಒಂದು ಕಪಾಟಿನಲ್ಲಿದ್ದರೆ, ದಾಖಲೆ ಕೂಡಿಟ್ಟ ಡಿಸ್ಕುಗಳು ಸಾಮಾನ್ಯವಾಗಿ ಇನ್ನೊಂದರಲ್ಲಿ. ಹಾಗಾಗಿ ಸರ್ವರಿಗೆ ಎರಡು ದಾರಿ ಬೇಕು: ಹೊರಗಿನ ಜನರ ಜೊತೆ ಮಾತಾಡಲು ಒಂದು, ಡಿಸ್ಕಿನ ಜೊತೆ ಮಾತಾಡಲು ಇನ್ನೊಂದು.

ಮೊದಲನೆಯದು ಈಥರ್ನೆಟ್. 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅದರ ಸ್ವಭಾವ ಸ್ವಲ್ಪ ಉಡಾಫೆಯದು. ತಂತಿಗಳು ಕೂಡುವ ಸ್ವಿಚ್ಚಿನಲ್ಲಿ ಜಾಗ ತುಂಬಿತೋ, ಬಂದ ಪ್ಯಾಕೆಟ್ಟನ್ನು ಬಿಸಾಕುತ್ತದೆ. ಬೇಕಾದವರು ಮತ್ತೆ ಕಳಿಸಿಕೊಳ್ಳಲಿ ಎಂಬ ಧೋರಣೆ. ವೆಬ್ ಪುಟಕ್ಕೆ ಇದು ನಡೆಯುತ್ತದೆ, ಕಳೆದುಹೋದದ್ದನ್ನು ಟಿಸಿಪಿ ಎಂಬ ನಿಯಮಾವಳಿ ಸದ್ದಿಲ್ಲದೆ ಮತ್ತೆ ತರಿಸುತ್ತದೆ. ಡಿಸ್ಕಿನ ಭಾಷೆಗೆ ಆ ತಾಳ್ಮೆಯಿಲ್ಲ. ನಡುವೆ ಒಂದು ಫ್ರೇಮ್, ಅಂದರೆ ಡೇಟಾದ ಒಂದು ಕಂತು, ಕಳೆದರೆ ಹತ್ತಾರು ಸೆಕೆಂಡು ಕಾದು, ಆಮೇಲೆ ಇಡೀ ಆದೇಶವನ್ನೇ ಮತ್ತೆ ಕೊಡುವುದುಂಟು. ಕೌಂಟರಿನ ಮುಂದೆ ನಿಂತವರ ಲೆಕ್ಕದಲ್ಲಿ ಆಗ ‘ಸರ್ವರ್ ಬಿಜಿ’.

ಅದಕ್ಕೇ ಡಿಸ್ಕಿನ ದಾರಿಗೆ ಫೈಬರ್ ಚಾನೆಲ್ ಎಂಬ ಬೇರೆಯೇ ಜಾಲ ಬಂತು. ಅಲ್ಲಿ ಪಡೆಯುವವನು ‘ನನ್ನಲ್ಲಿ ಇಷ್ಟು ಫ್ರೇಮಿಗೆ ಜಾಗವಿದೆ’ ಎಂದು ಮೊದಲೇ ಹೇಳಿರುತ್ತಾನೆ. ಕಳಿಸುವವನು ಅಷ್ಟೇ ಕಳಿಸಿ ನಿಲ್ಲುತ್ತಾನೆ. ಜಾಗ ತೆರವಾದ ಸೂಚನೆ ಬಂದ ಮೇಲೆಯೇ ಮುಂದಿನದು. ಜಾಗ ಸಾಲದೆ ಬಿಸಾಕುವ ಪ್ರಶ್ನೆಯೇ ಇಲ್ಲ. ಕಟ್ಟುನಿಟ್ಟು ಹೆಚ್ಚು, ಖರ್ಚೂ ಹೆಚ್ಚು: ಕಾರ್ಡು ಬೇರೆ, ಕೇಬಲ್ ಬೇರೆ, ಸ್ವಿಚ್ ಬೇರೆ, ಅದನ್ನು ಬಲ್ಲ ಜನವೂ ಬೇರೆ.

ಈಗ ಬ್ಲೇಡ್ ಸರ್ವರಿಗೆ ಬರೋಣ. 2001ರಲ್ಲಿ ಅಮೆರಿಕದ ಆರ್‌ಎಲ್‌ಎಕ್ಸ್ ಎಂಬ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಸರ್ವರನ್ನು ತೆಳ್ಳಗಿನ ಹಲಗೆಯಂತೆ ಮಾಡಿ ಒಂದೇ ಪೆಟ್ಟಿಗೆಯಲ್ಲಿ ಸಾಲಾಗಿ ತೂರಿಸುವುದು. ಫ್ಯಾನು, ಕರೆಂಟು ಎಲ್ಲರಿಗೂ ಸೇರಿ. 2006ರಲ್ಲಿ ಎಚ್‌ಪಿ ತಂದ ಸಿ7000 ಪೆಟ್ಟಿಗೆಯನ್ನೇ ನೋಡಿ. ಎತ್ತರ ಹತ್ತು ಯೂನಿಟ್, ಅಂದರೆ ಸುಮಾರು 44 ಸೆಂಟಿಮೀಟರ್. ಅಷ್ಟರಲ್ಲಿ 16 ಸರ್ವರ್, 10 ಫ್ಯಾನು, 6 ಪವರ್ ಸಪ್ಲೈ. ಬಿಡಿಬಿಡಿ ಸರ್ವರ್ ಆಗಿದ್ದರೆ ಒಂದೊಂದಕ್ಕೂ ಎರಡು ಈಥರ್ನೆಟ್, ಎರಡು ಫೈಬರ್ ಚಾನೆಲ್ ಎಂದು (ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬ ಲೆಕ್ಕ) ಒಟ್ಟು 64 ಕೇಬಲ್ ಬೇಕು. ರ‍್ಯಾಕಿನ ಹಿಂಬದಿ ಕೇಬಲ್ಲಿನಿಂದ ಮುಚ್ಚಿಹೋದರೆ ಬಿಸಿಗಾಳಿಯೂ ಹೊರಬರುವುದಿಲ್ಲ. ಬ್ಲೇಡಿನ ಪೆಟ್ಟಿಗೆಯಲ್ಲಿ ಕೇಬಲ್ಲಿನ ಬದಲು ನಡುವಿನ ಬೋರ್ಡಿನ ಮೇಲೆ ಕೊರೆದ ತಾಮ್ರದ ಗೆರೆಗಳಿವೆ, ಆದರೂ ಎರಡು ಜಾಲಕ್ಕೆ ಎರಡು ಬಗೆಯ ಕಾರ್ಡು, ಎರಡು ಬಗೆಯ ಸ್ವಿಚ್ ತಪ್ಪಲಿಲ್ಲ.

ರೋ-ರೋ ಇಲ್ಲಿ ಕೈಹಿಡಿಯಿತು. ಫೈಬರ್ ಚಾನೆಲ್ಲಿನ ಫ್ರೇಮೇ ಲಾರಿ. ಅದನ್ನು ಬಿಚ್ಚದೆ ಇಡಿಯಾಗಿ ಈಥರ್ನೆಟ್ ಫ್ರೇಮೆಂಬ ವ್ಯಾಗನ್ನಿನ ಮೇಲೆ ಹತ್ತಿಸಿದರು. ಅಳತೆಯ ತೊಂದರೆಯೊಂದು ಇತ್ತು: ಈಥರ್ನೆಟ್ ಫ್ರೇಮ್ ಸಾಮಾನ್ಯವಾಗಿ ಹೊರುವುದು 1500 ಬೈಟ್, ಫೈಬರ್ ಚಾನೆಲ್ಲಿನ ಫ್ರೇಮ್ 2148 ಬೈಟ್‌ವರೆಗೆ ಬೆಳೆಯಬಲ್ಲದು. ಹಾಗಾಗಿ ಸುಮಾರು 2500 ಬೈಟಿನ ವ್ಯಾಗನ್ನಿಗೆ ಒಪ್ಪಿಗೆ ಕೊಡಬೇಕಾಯಿತು.

ಆದರೆ ಹತ್ತಿಸುವುದು ಸುಲಭದ ಭಾಗ. ಪ್ಯಾಕೆಟ್ ಬಿಸಾಕುವ ಅಭ್ಯಾಸದ ಈಥರ್ನೆಟ್ಟಿಗೆ ನಿಂತು ಕಾಯುವುದನ್ನು ಕಲಿಸಬೇಕಿತ್ತು. ‘ನಿಲ್ಲು’ ಎಂದು ಹೇಳುವ ಏರ್ಪಾಡು ಅದರಲ್ಲಿ 1997ರಿಂದಲೇ ಇತ್ತು, ಹೇಳಿದರೆ ಎಲ್ಲವೂ ನಿಲ್ಲುತ್ತಿತ್ತು. ಕೊಂಕಣದ ಒಂಟಿ ಹಳಿಯಲ್ಲಿ ಸ್ಟೇಷನ್ ಮಾಸ್ಟರು ಗೂಡ್ಸ್ ಗಾಡಿಯನ್ನು ಮಾತ್ರ ಲೂಪ್ ಲೈನಿಗೆ ಹಾಕಿ ಎಕ್ಸ್‌ಪ್ರೆಸ್ಸನ್ನು ಬಿಡುತ್ತಾರಲ್ಲ, ಹಾಗೆ ಆಯ್ದು ನಿಲ್ಲಿಸುವುದು ಬೇಕಿತ್ತು. 2011ರಲ್ಲಿ ಪ್ರಕಟವಾದ 802.1ಕ್ಯೂಬಿಬಿ ಮಾನಕ ಸಂಚಾರವನ್ನು ಎಂಟು ದರ್ಜೆ ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ನಿಲ್ಲಿಸುವಂತೆ ಮಾಡಿತು. ಅದರ ಜೊತೆಗಾರ ಮಾನಕವೊಂದು ಯಾವ ದರ್ಜೆಗೆ ಎಷ್ಟು ಪಾಲು ಎಂಬುದನ್ನು ನಿಗದಿ ಮಾಡಿತು.

ಇದರ ಮಿತಿ ಎಲ್ಲಿದೆ ಎಂದು ಲೆಕ್ಕ ಹಾಕಿ ನೋಡಬಹುದು. ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು ಸುಮಾರು ಐದು ಮೈಕ್ರೋಸೆಕೆಂಡು. ‘ನಿಲ್ಲು’ ಎಂಬ ಮಾತು ಅತ್ತ ಮುಟ್ಟುವಷ್ಟರಲ್ಲಿ, ಆಗಲೇ ಹೊರಟದ್ದು ಇತ್ತ ಬರುತ್ತಲೇ ಇರುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಹೋಗಿಬರುವ ಆ ಹತ್ತು ಮೈಕ್ರೋಸೆಕೆಂಡಿಗೆ ಸುಮಾರು 12 ಕಿಲೋಬೈಟ್ ಜಾಗವನ್ನು ಖಾಲಿ ಬಿಟ್ಟಿರಬೇಕು. ವೇಗ ಹೆಚ್ಚಿದಷ್ಟೂ, ದೂರ ಹೆಚ್ಚಿದಷ್ಟೂ ಈ ಕಾದಿರಿಸಿದ ಜಾಗ ಹಿಗ್ಗುತ್ತದೆ. ಒಂದು ಸ್ವಿಚ್ ನಿಂತರೆ ಅದರ ಹಿಂದಿನದೂ ನಿಲ್ಲುತ್ತದೆ, ಅದರ ಹಿಂದಿನದೂ.

ಪೆಟ್ಟಿಗೆಯೊಳಗೆ ಮಾತ್ರ ದೂರ ಬರೀ ಗೇಣುಗಳ ಲೆಕ್ಕ. ಹಾಗಾಗಿ ಈ ಉಪಾಯ ಅಲ್ಲಿ ಚೆನ್ನಾಗಿ ಬೇರುಬಿಟ್ಟಿತು. 2010ರಲ್ಲಿ ಎಚ್‌ಪಿ ತಂದ ಫ್ಲೆಕ್ಸ್‌ಫ್ಯಾಬ್ರಿಕ್ ಮಾಡ್ಯೂಲು ಬ್ಲೇಡಿನ ಒಂದು 10 ಗಿಗಾಬಿಟ್ ಪೋರ್ಟನ್ನು ನಾಲ್ಕಾಗಿ ಸೀಳಿ, ಅದರಲ್ಲೊಂದನ್ನು ಡಿಸ್ಕಿಗೆ ಮೀಸಲಿಡಬಲ್ಲದಾಗಿತ್ತು. ಪೆಟ್ಟಿಗೆಯ ಬಾಗಿಲಲ್ಲಿ ಲಾರಿ ವ್ಯಾಗನ್ನಿನಿಂದ ಇಳಿದು, ಹಳೆಯ ಫೈಬರ್ ಚಾನೆಲ್ ದಾರಿಯಲ್ಲೇ ಮುಂದೆ ಹೋಗುತ್ತಿತ್ತು. ಸಿಸ್ಕೊ 2009ರಲ್ಲಿ ತಂದ ಯುಸಿಎಸ್ ಒಂದು ಹೆಜ್ಜೆ ಮುಂದೆ ಹೋಗಿ, ಪೆಟ್ಟಿಗೆಯಿಂದ ಮೇಲಿನ ಸ್ವಿಚ್ಚಿನವರೆಗೂ ಒಂದೇ ಬಗೆಯ ಕೇಬಲ್ ಎಳೆಯಿತು. ಈ ಎರಡು ಕಂಪನಿಗಳಿಗೂ, ಕಾರ್ಡು ತಯಾರಿಸುತ್ತಿದ್ದ ಎಮ್ಯುಲೆಕ್ಸ್, ಬ್ರೊಕೇಡ್‌ಗಳಿಗೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿದ್ದವು.

ಇಡೀ ಡೇಟಾ ಸೆಂಟರನ್ನು ಒಂದೇ ಕೇಬಲ್ಲಿನಿಂದ ಹೆಣೆಯುತ್ತೇವೆ ಎಂಬ ದೊಡ್ಡ ಮಾತು ಮಾತ್ರ ಕೈಗೂಡಲಿಲ್ಲ. ನನ್ನ ಮಟ್ಟಿಗೆ ಇದಕ್ಕೆ ಅರ್ಧ ಕಾರಣ ತಂತ್ರಜ್ಞಾನ, ಇನ್ನರ್ಧ ಆಫೀಸು. ನೆಟ್‌ವರ್ಕಿನವರಿಗೂ ಸ್ಟೋರೇಜಿನವರಿಗೂ ಬೇರೆಬೇರೆ ಯಜಮಾನರು. ಒಂದೇ ತಂತಿಯಲ್ಲಿ ಎರಡೂ ಹರಿದರೆ ರಾತ್ರಿ ಕೆಟ್ಟಾಗ ಎದ್ದು ಬರಬೇಕಾದವರು ಯಾರು? ಅಷ್ಟರಲ್ಲಿ ಸಾಮಾನ್ಯ ಟಿಸಿಪಿಯ ಮೇಲೆಯೇ ಡಿಸ್ಕಿನ ಮಾತು ಸಾಗಿಸುವ ಐಸ್ಕಸಿಯೂ ಬಲಿತಿತ್ತು. ಅದಕ್ಕೆ ವಿಶೇಷ ಸ್ವಿಚ್ ಬೇಡ.

ಕಾಯಲು ಕಲಿತ ಈಥರ್ನೆಟ್ ಮಾತ್ರ ಮೂಲೆ ಸೇರಲಿಲ್ಲ. ಒಂದು ಕಂಪ್ಯೂಟರಿನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರ ಬರೆಯುವ ಆರ್‌ಒಸಿಇ ಎಂಬ ವಿಧಾನ ಅದನ್ನೇ ಆಶ್ರಯಿಸಿತು. ಇಂದು ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತು ಮಾಡುವ ಯಂತ್ರಗಳ ಸಾಲುಗಳಲ್ಲಿ ಅದರ ಬಳಕೆಯಿದೆ. ಹಳೆಯ ಕಾಯಿಲೆಯೂ ಜೊತೆಗೇ ಬಂತು. ಕೆಟ್ಟ ಕಾರ್ಡೊಂದು ಎಡೆಬಿಡದೆ ‘ನಿಲ್ಲು’ ಎನ್ನುತ್ತಿದ್ದರೆ ಜಾಲವೇ ಹೇಗೆ ಸ್ತಬ್ಧವಾಗುತ್ತದೆಂದು ಮೈಕ್ರೋಸಾಫ್ಟಿನ ಎಂಜಿನಿಯರುಗಳು 2016ರಲ್ಲಿ ವಿವರವಾಗಿ ಬರೆದರು. 2023ರಲ್ಲಿ ಹುಟ್ಟಿದ ಅಲ್ಟ್ರಾ ಈಥರ್ನೆಟ್ ಕನ್ಸಾರ್ಷಿಯಂ 2025ರಲ್ಲಿ ತನ್ನ ಮೊದಲ ಮಾನಕ ಹೊರತಂದಿದೆ. ಪ್ಯಾಕೆಟ್ ಬಿದ್ದರೆ ಬೀಳಲಿ, ಬಿದ್ದದ್ದನ್ನು ಬೇಗ ಗುರುತಿಸಿ ಅದೊಂದನ್ನೇ ಮತ್ತೆ ಕಳಿಸೋಣ ಎಂಬುದಕ್ಕೂ ಅದರಲ್ಲಿ ದಾರಿ ಮಾಡಿಟ್ಟಿದ್ದಾರೆ.