ಜಾಹೀರಾತಿನ ವಾಚ್ಯವೂ ವ್ಯಂಗ್ಯವೂ

ಶಬ್ದಕ್ಕೆ ವಾಚ್ಯಾರ್ಥವಲ್ಲದೆ ವ್ಯಂಗ್ಯಾರ್ಥವೊಂದು ಉಂಟೆಂಬುದನ್ನು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ಪ್ರತಿಪಾದಿಸಿದನು. ಕಾವ್ಯಕ್ಕೆ ಜೀವವೆನಿಸಿದ ಈ ಶಕ್ತಿಯು ವಾಣಿಜ್ಯದ ಕೈಸೇರಿದಾಗ ಏನಾಗುವುದೆಂಬುದಕ್ಕೆ, ಪ್ರಖ್ಯಾತರನ್ನು ಮುಂದಿಟ್ಟುಕೊಂಡು ತಿಂಡಿತಿನಿಸುಗಳ ವಿಷಯದಲ್ಲಿ ಸ್ತ್ರೀಯರನ್ನು ಉದ್ದೇಶಿಸಿ ಮಾಡತಕ್ಕ ಜಾಹೀರಾತುಗಳೇ ನಿದರ್ಶನ. ‘ಈ ತಿನಿಸು ಹಗುರವಾದುದು’ ಎಂಬುದು ಅವುಗಳ ವಾಚ್ಯ. ‘ನಿನ್ನ ಮೈ ಭಾರವಾದುದು’ ಎಂಬುದು ವ್ಯಂಗ್ಯ. ಕಾನೂನು ಮೊದಲನೆಯದನ್ನು ಹಿಡಿಯಬಲ್ಲುದು. ಎರಡನೆಯದು ಅದರ ಕೈಗೆ ಸುಲಭವಾಗಿ ಸಿಕ್ಕದು.

ಈ ಬಗೆಯ ಪ್ರಚಾರಕ್ಕೆ ಹಳೆಯ ಮಾದರಿಯೊಂದು ಅಮೆರಿಕದಲ್ಲಿ ದೊರೆಯುತ್ತದೆ. 1928ರಲ್ಲಿ ಅಲ್ಲಿನ ಅಮೆರಿಕನ್ ಟೊಬ್ಯಾಕೊ ಕಂಪೆನಿಯು, ಜಾರ್ಜ್ ವಾಷಿಂಗ್ಟನ್ ಹಿಲ್ಲನ ಅಧ್ಯಕ್ಷತೆಯಲ್ಲಿ, ಮಿಠಾಯಿಗೆ ಬದಲಾಗಿ ಲಕಿ ಸ್ಟ್ರೈಕ್ ಸಿಗರೇಟನ್ನು ತೆಗೆದುಕೊಳ್ಳಬೇಕೆಂದು ಬೋಧಿಸತೊಡಗಿತು. ಮೈ ತೆಳ್ಳಗಿರಬೇಕೆಂಬ ಆಸೆಯೇ ಈ ಬೋಧನೆಗೆ ಆಧಾರ. ಅದೇ ವರ್ಷ ವಿಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಅಮೀಲಿಯಾ ಇಯರ್‌ಹಾರ್ಟಳ ಹೆಸರೂ ಈ ಸಿಗರೇಟಿನ ಜಾಹೀರಾತಿನಲ್ಲಿ ಬಂದಿತು. ಆಕೆಯಾದರೋ ಧೂಮಪಾನ ಮಾಡುವವಳಲ್ಲ. ತರ್ಕಶಾಸ್ತ್ರವು ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುವುದು, ವಸ್ತುವನ್ನು ಇದ್ದಂತೆ ಅರಿತು, ಅರಿತಂತೆ ಹೇಳತಕ್ಕವನ ಮಾತು ಅದಾದುದರಿಂದ. ಇಲ್ಲಿ ಅರಿವಿನ ಸ್ಥಾನದಲ್ಲಿ ಕೀರ್ತಿಯನ್ನು ಕುಳ್ಳಿರಿಸಲಾಯಿತು.

ಮಿಠಾಯಿ ತಯಾರಕರು ಪ್ರತಿಭಟಿಸಿದರು. ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ನೂ ಆಕ್ಷೇಪಿಸಿತು. ಆ ತರುವಾಯ, 1930ರ ಜಾಹೀರಾತುಗಳಲ್ಲಿ ಕಂಪೆನಿಯು ಬೇರೊಂದು ಮಾರ್ಗವನ್ನು ಹಿಡಿಯಿತು. ತೆಳ್ಳಗಿನ ಮುಖವೊಂದರ ಚಿತ್ರ. ಅದರ ಹಿಂದೆ, ಗದ್ದದ ಕೆಳಗೆ ಕೊಬ್ಬು ಜೋತುಬಿದ್ದ ಅದೇ ಮುಖದ ಮುಂದಿನ ಕಾಲದ ನೆರಳು. ಸಿಗರೇಟಿನಿಂದ ಮೈ ಇಳಿಯುವುದೆಂದು ತಾನು ಹೇಳುವುದಿಲ್ಲವೆಂಬ ಒಕ್ಕಣೆಯನ್ನೂ ಕಂಪೆನಿಯೇ ಅಚ್ಚುಹಾಕಿಸಿತು. ವಾಚ್ಯವು ನಿರ್ದೋಷವಾಯಿತು, ಹೇಳಬೇಕಾದುದನ್ನು ನೆರಳು ಹೇಳಿತು.

ತೊಂಬತ್ತು ವರ್ಷಗಳು ಕಳೆದರೂ ಈ ರೀತಿಯು ಅಳಿಯಲಿಲ್ಲ. 2018ರ ಮೇ ತಿಂಗಳಲ್ಲಿ ಕಿಮ್ ಕಾರ್ಡಾಶಿಯನ್ ಎಂಬ ಪ್ರಸಿದ್ಧ ಮಹಿಳೆಯು, ಹಸಿವನ್ನು ಅಡಗಿಸುವುದೆಂದು ಹೇಳಿ ಮಾರುತ್ತಿದ್ದ ಲಾಲಿಪಾಪನ್ನು ಇನ್‌ಸ್ಟಾಗ್ರಾಮಿನಲ್ಲಿ ಪ್ರಚಾರ ಮಾಡಿದಳು. ಎಳೆಯ ಹುಡುಗಿಯರ ಮೇಲೆ ಇದರ ಪರಿಣಾಮವು ಕೆಟ್ಟದೆಂದು ಬ್ರಿಟಿಷ್ ನಟಿ ಜಮೀಲಾ ಜಮಿಲ್ ಬಹಿರಂಗವಾಗಿ ಖಂಡಿಸಿದಳು. 2019ರ ಸೆಪ್ಟೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ಸಂಸ್ಥೆಯು ಮೈಯಿಳಿಸುವ ಕೆಲವು ಪದಾರ್ಥಗಳ ಪ್ರಚಾರವು 18 ವರ್ಷದೊಳಗಿನವರಿಗೆ ಕಾಣದಂತೆ ನಿರ್ಬಂಧ ಹಾಕಿತು. 1928ರಲ್ಲಿ ಶತ್ರುವೆನಿಸಿದ್ದ ಮಿಠಾಯಿಯು 2018ರಲ್ಲಿ ಮದ್ದಾಯಿತು. ವ್ಯಂಗ್ಯವು ಮಾತ್ರ ಬದಲಾಗಲಿಲ್ಲ.

ಕೇವಲ ಚಿತ್ರಗಳಿಗೆ ಇಷ್ಟು ಬಲವುಂಟೇ ಎಂಬ ಶಂಕೆಗೆ ಫಿಜಿ ದ್ವೀಪದಲ್ಲಿ ಆನ್ ಬೆಕರ್ ಮತ್ತು ಆಕೆಯ ಸಹೋದ್ಯೋಗಿಗಳು ನಡೆಸಿದ ಸಂಶೋಧನೆಯು ಕೆಲಮಟ್ಟಿಗೆ ಉತ್ತರವೀಯುತ್ತದೆ. ತುಂಬಿದ ಮೈಯನ್ನೇ ಲಕ್ಷಣವೆಂದು ಎಣಿಸುತ್ತಿದ್ದ ನಡ್ರೋಗ ಪ್ರಾಂತಕ್ಕೆ 1995ರಲ್ಲಿ ದೂರದರ್ಶನವು ಬಂದಿತು. ತೂಕವನ್ನು ತಗ್ಗಿಸಲೆಂದು ವಾಂತಿ ಮಾಡಿಕೊಳ್ಳುವುದಾಗಿ ಹೇಳಿದ ಶಾಲಾಬಾಲಿಕೆಯರು ಆ ವರ್ಷ ಒಬ್ಬರೂ ಇರಲಿಲ್ಲ. 1998ರಲ್ಲಿ ವಿಚಾರಿಸಲ್ಪಟ್ಟ ಮತ್ತೊಂದು ತಂಡದಲ್ಲಿ ಅಂತಹವರು ಶೇಕಡ 11.3ರಷ್ಟಿದ್ದರು. ಇದು ಜಾಹೀರಾತೊಂದರದೇ ಫಲವೆನ್ನಲಾಗದು. ಆದರೂ ಪುನಃ ಪುನಃ ಕಂಡ ರೂಪವು ಕಾಣುವವಳ ದೇಹಭಾವನೆಯನ್ನು ಮಾರ್ಪಡಿಸಬಲ್ಲುದೆಂಬುದಕ್ಕೆ ಇದು ಗಟ್ಟಿಯಾದ ಸೂಚನೆ.

ಭಾರತದಲ್ಲಿಯೂ ಈ ವಿಷಯಕ್ಕೆ ಸಂಬಂಧಿಸಿದ ಶಾಸನವುಂಟು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತಿಗೆ ಬೆಂಬಲವಿತ್ತ ಪ್ರಖ್ಯಾತರಿಗೂ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇದು ಸ್ವಾಗತಾರ್ಹವೇ ಸರಿ. ಆದರೆ ಸುಳ್ಳೆಂಬುದು ಪ್ರಾಯಿಕವಾಗಿ ವಾಚ್ಯದ ದೋಷ. ತೆಳ್ಳಗಿನ ತಾರೆಯೊಬ್ಬಳು ತಿನಿಸಿನ ಪೊಟ್ಟಣವನ್ನು ಹಿಡಿದು ಮುಗುಳ್ನಗುವುದರಲ್ಲಿ ಸುಳ್ಳೆನ್ನತಕ್ಕ ವಾಕ್ಯವೇ ಇರುವುದಿಲ್ಲ. ಆದಕಾರಣ ಉಳಿದ ಕಾರ್ಯವು ಅರ್ಥವಿವೇಚನೆಗೆ ಸೇರಿದುದು. ಪದ್ಯದ ಧ್ವನಿಯನ್ನು ಬಿಡಿಸಿ ತೋರಿಸುವ ಸಾಹಿತ್ಯಾಧ್ಯಾಪಕರು ಅದೇ ಕ್ರಮದಿಂದ ಜಾಹೀರಾತೊಂದನ್ನು ತರಗತಿಯಲ್ಲಿ ಬಿಡಿಸಬಹುದು. ತನಗೆ ಹೇಳದೆಯೇ ಹೇಳಲಾದ ಮಾತು ಯಾವುದೆಂದು ಗುರುತಿಸಬಲ್ಲ ವಿದ್ಯಾರ್ಥಿನಿಯು ಅದನ್ನು ಪರೀಕ್ಷಿಸಿ ತಳ್ಳಿಹಾಕಲೂ ಬಲ್ಲಳು.