ಕತ್ತಲೆಗೆ ಕಪ್ಪು ಬಣ್ಣ ಬೇಡ

ವಾರ್ಷಿಕೋತ್ಸವದ ಚಿತ್ರ ಪ್ರದರ್ಶನದಲ್ಲಿ ನನ್ನ ತೈಲವರ್ಣ ಚಿತ್ರ ನೋಡಿದ ಹಲವರು, "ಇಷ್ಟು ಕತ್ತಲೆ ಹೇಗೆ ಬಂತು? ಎಷ್ಟು ಕಪ್ಪು ಬಳಿದೆ?" ಎಂದು ಕೇಳಿದರು. ಅದರಲ್ಲಿ ಕಪ್ಪು ಬಣ್ಣವೇ ಇಲ್ಲ. ಹೇಗೆಂದು ಹೇಳುತ್ತೇನೆ.

ಚಿತ್ರದಲ್ಲಿರುವುದು ನಮ್ಮ ಮನೆಯ ಮುಂದಿನ ಕೋಣೆ. ಅಬ್ಬಾ ರಾತ್ರಿ ಅಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿರುತ್ತಾರೆ. ಮೇಲೊಂದು ಹಳದಿ ಬಲ್ಬು. ಇದನ್ನೇ ಬಿಡಿಸುತ್ತೇನೆ ಎಂದಾಗ ಅವರು, "ಈ ಕತ್ತಲೆ ಕೋಣೆಯಲ್ಲಿ ಏನಿದೆ ಬೇಟಾ? ಯಾವುದಾದರೂ ಹೂತೋಟ ಬಿಡಿಸು" ಎಂದರು. ಕಾಲೇಜಿನವರೆಲ್ಲ ನೋಡುತ್ತಾರಲ್ಲ ಎಂಬ ಮುಜುಗರ. ನನಗೂ ಸ್ವಲ್ಪ ಇತ್ತು, ಸುಳ್ಳೇಕೆ? ಆಗ ಮೊಬೈಲಿನಲ್ಲಿ 'ಆಲೂಗಡ್ಡೆ ತಿನ್ನುವವರು' ಚಿತ್ರ ತೋರಿಸಿದೆ. ವ್ಯಾನ್ ಗೋ ಅದನ್ನು 1885ರಲ್ಲಿ ನೆದರ್ಲೆಂಡ್ಸ್‌ನ ನ್ಯೂನೆನ್ ಎಂಬ ಹಳ್ಳಿಯಲ್ಲಿ ಬಿಡಿಸಿದ. ಒಂದೇ ದೀಪದ ಕೆಳಗೆ ಐದು ಜನ ಬಡ ರೈತರು, ಬಣ್ಣವೆಲ್ಲ ಮಣ್ಣಿನದು. ತಟ್ಟೆಗೆ ಚಾಚಿದ ಕೈಗಳೇ ನೆಲ ಅಗೆದಿವೆ ಎಂಬುದನ್ನು ತೋರಿಸುವುದು ತನ್ನ ಉದ್ದೇಶವೆಂದು ಅವನು ತಮ್ಮ ಥಿಯೊಗೆ ಬರೆದಿದ್ದ. ಅಬ್ಬಾ ತುಂಬಾ ಹೊತ್ತು ನೋಡಿ, "ಬೆರಳು ಚೆನ್ನಾಗಿವೆ" ಎಂದಷ್ಟೇ ಹೇಳಿ ಮತ್ತೆ ಮೆಷಿನ್ ತುಳಿದರು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮೊದಲ ಸಲ ಮೂಲೆಗಳಿಗೆಲ್ಲ ಕಪ್ಪು ತುಂಬಿ ಕೆಡಿಸಿದೆ. ಗೋಡೆಯಲ್ಲಿ ತೂತು ಬಿದ್ದಂತೆ ಕಂಡಿತು. ಎರಡನೇ ಸಲ ಬರ್ನ್ಟ್ ಅಂಬರ್ ಜೊತೆ ಅಲ್ಟ್ರಾಮರೀನ್ ನೀಲಿ ಬೆರೆಸಿದೆ. ಹೆಚ್ಚುಕಡಿಮೆ ಕಪ್ಪೇ, ಆದರೆ ಒಳಗೆ ಉಸಿರಾಟವಿರುವ ಕಪ್ಪು. ನೀಲಿ ಹೆಚ್ಚಾದರೆ ತಣ್ಣಗೆ, ಕಂದು ಹೆಚ್ಚಾದರೆ ಬೆಚ್ಚಗೆ ಕಾಣುತ್ತದೆ.

ಬಿಳಿ ಕ್ಯಾನ್ವಾಸಿನ ಮೇಲೆ ನೇರವಾಗಿ ಶುರುಮಾಡಬೇಡಿ. ಅಂಬರ್ ಅನ್ನು ಟರ್ಪೆಂಟೈನ್‌ನಲ್ಲಿ ಚಹಾದಷ್ಟು ತೆಳ್ಳಗೆ ಮಾಡಿ ಪೂರ್ತಿ ಬಳಿಯಿರಿ (ಕಿಟಕಿ ತೆರೆದಿರಲಿ, ವಾಸನೆಗೆ ತಲೆ ಸುತ್ತುತ್ತದೆ). ಹಸಿ ಇರುವಾಗಲೇ ಬೆಳಕು ಬೀಳುವ ಜಾಗವನ್ನು ಹಳೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಅರ್ಧ ಚಿತ್ರ ಅಲ್ಲೇ ಮೂಡುತ್ತದೆ. ನಂತರ ನೆರಳನ್ನು ತೆಳ್ಳಗೆ, ಬೆಳಕನ್ನು ದಪ್ಪಗೆ ಹಚ್ಚಬೇಕು. ಮೇಲಿನ ಪದರಗಳಲ್ಲಿ ಎಣ್ಣೆ ಹೆಚ್ಚಿರಬೇಕು, ಇಲ್ಲದಿದ್ದರೆ ಒಣಗಿದಾಗ ಬಿರುಕು ಬಿಡಬಹುದು. ಬರೀ ಬಿಳಿ ಹಚ್ಚಿದರೆ ಟ್ಯೂಬ್‌ಲೈಟ್ ಬೆಳಕಾಗುತ್ತದೆ. ಯೆಲ್ಲೊ ಓಕರ್ ಸೇರಿಸಿದರೆ ಬಲ್ಬಿನದು.

ನಾವು ಕಾಮರ್ಸ್‌ನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಬೆಳಕನ್ನು ಉಳಿತಾಯ ಮಾಡಬೇಕು. ನಾನು ಅತಿ ಹೊಳಪಿನ ಬಣ್ಣವನ್ನು ಒಂದೇ ಕಡೆ, ಸೂಜಿಯ ಕೆಳಗಿನ ಬಟ್ಟೆಗೆ ಮಾತ್ರ ಖರ್ಚು ಮಾಡಿದೆ. ಅಬ್ಬಾರ ಬೆರಳಿಗೆ ಅದಕ್ಕಿಂತ ಒಂದಿಷ್ಟು ಕಡಿಮೆ. ಮುಖ ಅರ್ಧ ನೆರಳಿನಲ್ಲಿದೆ.

ಪ್ರದರ್ಶನದ ದಿನ ಅಬ್ಬಾ ಅಂಗಡಿಯ ಕೆಲಸ ಬಿಟ್ಟು ಬಂದಿದ್ದರು. ಹತ್ತಿರ ಹೋಗಿ ಬಗ್ಗಿ ನೋಡಿದರು. "ಮೆಷಿನ್ ಪಾದ ಮೇಲೆತ್ತಿದೆಯಲ್ಲ ಬೇಟಾ, ಬಟ್ಟೆ ಹೇಗೆ ಮುಂದೆ ಹೋಗುತ್ತೆ?" ಎಂದರು. ಅದನ್ನು ಇನ್ನೂ ತಿದ್ದಬೇಕಿದೆ.