ಸೇತುವೆಯ ಕೆಳಗೊಂದು ಬಲೆ

ಹೊಸ ಮನೆಯ ಪಾಯಕ್ಕೆ ಪೂಜೆ ಮಾಡುತ್ತೇವೆ. ಬಾಗಿಲು ನಿಲ್ಲಿಸುವ ದಿನ ಮೇಸ್ತ್ರಿಗೆ ತಾಂಬೂಲ ಕೊಡುತ್ತೇವೆ. ಗೃಹಪ್ರವೇಶದಂದು ದಾಸೋಹವೂ ನಡೆಯುತ್ತದೆ. ಆದರೆ ಎರಡನೆಯ ಅಂತಸ್ತಿನ ಹೊರಗೋಡೆಗೆ ಗಾರೆ ಮಾಡುವವನು ಎಂತಹ ಹಲಗೆಯ ಮೇಲೆ ನಿಂತಿದ್ದಾನೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಕತ್ತೆತ್ತಿ ನೋಡಿದ್ದೇವೆ? ಕೇಳಿದರೆ ಸಿದ್ಧ ಉತ್ತರವೊಂದಿದೆ: "ಹೆಲ್ಮೆಟ್ ತಂದುಕೊಟ್ಟರೂ ಇವರು ಹಾಕಿಕೊಳ್ಳುವುದಿಲ್ಲ." ಈ ಮಾತನ್ನು ನಾವೂ ಆಡಿದವರೇ. ಅದು ಅರ್ಧಸತ್ಯವೆಂದು ತಿಳಿದದ್ದು ಅಮೆರಿಕೆಯ ಸೇತುವೆಯೊಂದರ ಇತಿಹಾಸವನ್ನು ಓದಿದ ಮೇಲೆ.

ಸ್ಯಾನ್‌ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಸೇತುವೆಯ ನಿರ್ಮಾಣ 1933ರ ಜನವರಿಯಲ್ಲಿ ಆರಂಭವಾಯಿತು. ಹತ್ತು ಲಕ್ಷ ಡಾಲರ್ ವೆಚ್ಚಕ್ಕೆ ಒಂದು ಪ್ರಾಣ ಹೋಗುವುದು ಸಹಜವೆಂದು ಆ ಕಾಲದವರು ಲೆಕ್ಕ ಹಾಕುತ್ತಿದ್ದರು. ಸೇತುವೆಯ ಅಂದಾಜು ಮೂರೂವರೆ ಕೋಟಿ ಡಾಲರ್. ಎಂದರೆ ಮೂವತ್ತೈದು ಹೆಣ! ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಈ ಲೆಕ್ಕವನ್ನು ಒಪ್ಪಲಿಲ್ಲ. ಶಿರಸ್ತ್ರಾಣ ಕಡ್ಡಾಯವಾಯಿತು, ಎತ್ತರದಲ್ಲಿ ಮೋಜಿಗಾಗಿ ಸಾಹಸ ತೋರಿದವನು ಕೆಲಸ ಕಳೆದುಕೊಳ್ಳಬೇಕಾಗಿತ್ತು. ಹಿಂದಿನ ರಾತ್ರಿಯ ಅಮಲು ಇಳಿಯದೆ ಬಂದವರಿಗೆ ಹುಳಿ ಬರಿಸಿದ ಎಲೆಕೋಸಿನ ರಸ ಕುಡಿಸುತ್ತಿದ್ದರಂತೆ! ಎಲ್ಲಕ್ಕಿಂತ ಮಿಗಿಲಾದುದು, 1,30,000 ಡಾಲರಿಗೂ ಹೆಚ್ಚು ಖರ್ಚು ಮಾಡಿ ಸೇತುವೆಯ ಕೆಳಗೆ ಕಟ್ಟಿಸಿದ ಬಲೆ.

ಬಲೆ ಬಂದ ಮೇಲೆ ಕೆಲಸಗಾರರ ನಡೆಯೇ ಬದಲಾಯಿತು. ಕೆಳಗಿನ ಕಡಲಿಗೆ ಅಂಜುತ್ತಿದ್ದ ಕಾಲು ಧೈರ್ಯವಾಗಿ ಊರಿತು, ಕೆಲಸ ಚುರುಕಾಯಿತು. ಬಲೆಗೆ ಬಿದ್ದು ಬದುಕಿದ 19 ಮಂದಿ ತಮ್ಮನ್ನು 'ನರಕದ ಅರ್ಧ ದಾರಿಯ ಸಂಘ'ದವರೆಂದು ಹಾಸ್ಯವಾಗಿ ಕರೆದುಕೊಂಡರು. 1936ರ ಅಕ್ಟೋಬರಿನವರೆಗೆ ಒಂದು ಸಾವೂ ಸಂಭವಿಸಲಿಲ್ಲ; ಆ ತಿಂಗಳು ಒಬ್ಬನು ತೀರಿಕೊಂಡನು. ಮುಂದೆ 1937ರ ಫೆಬ್ರವರಿ 17ರಂದು ಕೆಲಸದ ಅಟ್ಟಣಿಗೆಯೊಂದು ಕಳಚಿ ಬಲೆಯ ಮೇಲೆ ಬಿತ್ತು. ಮನುಷ್ಯರ ಭಾರಕ್ಕೆಂದು ಹೆಣೆದ ಬಲೆ ಅದನ್ನು ತಡೆಯದೆ ಹರಿದು, 10 ಮಂದಿ ಪ್ರಾಣ ತೆತ್ತರು. ಕಾಲಡಿಯ ಅಟ್ಟಣಿಗೆಯೇ ಕಳಚಿದಾಗ ತಲೆಯ ಮೇಲಿನ ಶಿರಸ್ತ್ರಾಣ ಏನು ಮಾಡೀತು?

ನಮ್ಮ ಮನೆಗಳ ಕೆಲಸಕ್ಕೆ ಮರಳೋಣ. ಚದರಡಿಯ ಲೆಕ್ಕದಲ್ಲಿ ಗುತ್ತಿಗೆ ಮಾತಾಡಿಕೊಂಡು, "ಬೇಗ ಮುಗಿಸಪ್ಪಾ, ಶ್ರಾವಣದೊಳಗೆ ಪ್ರವೇಶವಾಗಬೇಕು" ಎಂದು ಅವಸರಿಸುವವರು ನಾವೇ. ಅವಸರಕ್ಕೆ ಹಣ, ಎಚ್ಚರಿಕೆಗೆ ಬೈಗುಳ. ಹೀಗಿರುವಲ್ಲಿ ಅವನು ಬೆಲ್ಟು ಕಟ್ಟಿಕೊಳ್ಳಲು ನಿಂತಾನೆಯೇ? ಬಿಸಿಲಿನಲ್ಲಿ ಹೆಲ್ಮೆಟ್ ಕಾಯುತ್ತದೆ. ತಲೆಯ ಮೇಲೆ ಸಿಂಬೆಯಿಟ್ಟು ಬಾಂಡ್ಲಿ ಹೊರುವ ತಾಯಿ ಅದನ್ನು ಎಲ್ಲಿ ಹಾಕಿಕೊಳ್ಳಬೇಕು? ಇದನ್ನು ಅವರನ್ನೇ ಕೇಳಿ ತಿಳಿಯದೆ, ಮಾತು ಕೇಳುವುದಿಲ್ಲವೆಂದು ದೂರುತ್ತೇವೆ. ಕಾಯಕವನ್ನು ಕೊಂಡಾಡುವ ಮನೆತನಗಳಿಗೆ ಇದು ಹೊರಗಿನ ಮಾತಲ್ಲ.

ಗುತ್ತಿಗೆಯ ಮಾತು ನಡೆಯುವಾಗಲೇ ಗಟ್ಟಿ ಸಾರವೆ, ಅಂಚಿನ ಅಡ್ಡಗಟ್ಟು, ಬೆಲ್ಟುಗಳ ಖರ್ಚನ್ನು ಸಿಮೆಂಟು ಕಬ್ಬಿಣದ ಪಟ್ಟಿಯಲ್ಲಿಯೇ ಬರೆಸಬೇಕು. ಮಳೆ ಸುರಿದ ಮರುದಿನ ಸಾರವೆಯ ಕಟ್ಟುಗಳನ್ನು ಮೇಸ್ತ್ರಿ ಪರೀಕ್ಷಿಸಿದ ಮೇಲೆಯೇ ಆಳುಗಳು ಹತ್ತಲಿ. ಅದಕ್ಕಾಗಿ ಅರ್ಧ ದಿನ ಹೋದರೆ ಆ ಅರ್ಧ ದಿನದ ಕೂಲಿಯನ್ನೂ ಕೊಟ್ಟುಬಿಡಿ.